‘ರೀ’ ಕೇಳಿಸುವಷ್ಟು ದೂರ

ಮೆಲ್ಬರ್ನ್ ಹತ್ತಿರದ ಫಿಲಿಪ್ ಐಲ್ಯಾಂಡಿಗೆ ಹೋದವರೆಲ್ಲ ಪೆಂಗ್ವಿನ್ ನೋಡಿಕೊಂಡು ಬರುತ್ತಾರೆ. ನಾವು ನೋಡಲಿಲ್ಲ. ವಾಪಸು ಬಂದ ವಾರ ಸಿಡ್ನಿಯ ಟೂಂಗಾಬಿಯಲ್ಲಿರುವ ನಮ್ಮವರ ಅಂಗಡಿಯಲ್ಲಿ ಜೋಳದ ಹಿಟ್ಟಿನ ಪಾಕೀಟು ಹುಡುಕುತ್ತಿದ್ದಾಗ ಪರಿಚಯದ ಹುಡುಗಿಯೊಬ್ಬಳು, "ಪೆಂಗ್ವಿನ್ಸ್ ಹೆಂಗಿದ್ವು ಆಂಟಿ?" ಎಂದು ಕೇಳಿದಳು. ನನಗಾಗ ಮೂವತ್ತು ದಾಟಿ ಬಹಳ ದಿನವೇನೂ ಆಗಿರಲಿಲ್ಲ. ಆಂಟಿ ಅಂದದ್ದಕ್ಕೆ ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು. "ಪೆಂಗ್ವಿನ್ ನೋಡಾಕ ಪುರುಸೊತ್ತ ಆಗ್ಲಿಲ್ಲವ್ವಾ," ಎಂದೆ. ಈಸ್ಟರ್ ರಜೆ ಪೂರ್ತಿ ದ್ವೀಪದ ಮೇಲೆ ಕೂತು ಬಂದವಳಿಗೆ ಪುರುಸೊತ್ತಿರಲಿಲ್ಲವೆಂದರೆ ಯಾರು ನಂಬುತ್ತಾರೆ? ಅವಳೂ ನಂಬಲಿಲ್ಲ.

ಆಗ ನಮ್ಮ ಸಂಸಾರ ಎರಡು ಊರುಗಳಲ್ಲಿ ಹಂಚಿಹೋಗಿತ್ತು. ನಾನು ಸಿಡ್ನಿಯಲ್ಲಿ, ವೆಸ್ಟ್‌ಮೀಡ್ ಸ್ಟೇಷನ್ ಹತ್ತಿರದ ಬಾಡಿಗೆ ಫ್ಲ್ಯಾಟಿನಲ್ಲಿ. ಅವರು, ಅಂದರೆ ನನ್ನ ಗಂಡ, ಮೆಲ್ಬರ್ನ್‌ನಲ್ಲಿ. ನಾನು ಧಾರವಾಡದವಳು, ಅವರು ಹುಬ್ಬಳ್ಳಿಯವರು. ಅಲ್ಲಿ ಒಂದು ಬಸ್ಸಿನ ದೂರದಲ್ಲಿ ಹುಟ್ಟಿ, ಇಲ್ಲಿಗೆ ಬಂದು ವಿಮಾನ ಹತ್ತಿ ಭೇಟಿಯಾಗುವ ಹಣೆಬರಹ ನಮ್ಮದು. ಸಿಡ್ನಿಯಲ್ಲಿದ್ದ ಕಂಪ್ಯೂಟರ್ ಕೆಲಸ ಹೋದಾಗ ಅವರಿಗೆ ಮೆಲ್ಬರ್ನ್‌ನಲ್ಲಿ ಒಂದು ಕಾಂಟ್ರ್ಯಾಕ್ಟ್ ಸಿಕ್ಕಿತು. "ಆರ ತಿಂಗಳ ಅಲ್ಲ? ಕಣ್ಣ ಮುಚ್ಚಿ ತೆರಿಯೂದ್ರಾಗ ಬಂದ ಬಿಡ್ತೇನಿ," ಎಂದು ಹೋದರು. ನಾನು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತಪರೀಕ್ಷೆ ಮಾಡುವವಳು. ಊರಲ್ಲಿ ಓದಿದ್ದನ್ನೆಲ್ಲ ಇಲ್ಲಿ ಮತ್ತೊಮ್ಮೆ ಪರೀಕ್ಷೆ ಬರೆದು ಒಪ್ಪಿಸಿ, ಆಗಷ್ಟೇ ಪರ್ಮನೆಂಟ್ ಆಗಿದ್ದೆ. ಬಿಟ್ಟು ಬಾ ಎಂದು ಅವರು ಹೇಳಲಿಲ್ಲ, ಬರುತ್ತೇನೆ ಎಂದು ನಾನೂ ಹೇಳಲಿಲ್ಲ. ಕಾಂಟ್ರ್ಯಾಕ್ಟ್ ಮುಂದುವರಿಯಿತು, ಇನ್ನೊಂದು ಸಲ ಮುಂದುವರಿಯಿತು. ಆಮೇಲೆ ನಾನು ಎಣಿಸುವುದನ್ನು ಬಿಟ್ಟೆ.

ಮೊದಮೊದಲು ವಾರ ಬಿಟ್ಟು ವಾರ ಬರುತ್ತಿದ್ದವರು ತಿಂಗಳಿಗೊಮ್ಮೆ ಬರತೊಡಗಿದರು. ಸಂಜೆ ಫೋನು ಮಾತ್ರ ತಪ್ಪುತ್ತಿರಲಿಲ್ಲ. "ಊಟ ಆತೇನು?" "ಆತು, ನಿಮ್ದು?" "ಆತು. ಮತ್ತ?" "ಏನಿಲ್ಲ, ನೀವ ಹೇಳ್ರಿ." ಹೇಳಲು ಅವರಿಗೂ ಏನೂ ಇರುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ನಾವು ಜಗಳಗಂಟರೆಂದು ಹೆಸರು ಮಾಡಿದವರು. ಟೊಮ್ಯಾಟೊ ಹುಳಿಯಾದರೂ ಜಗಳ, ಆಗದಿದ್ದರೂ ಜಗಳ. ಈಗ ಒಂದು ಗಡಸು ಮಾತೂ ಇಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಹಿರಿಯರು ಹೇಳಿದ್ದೇನೋ ಸರಿ, ಆದರೆ ಒಬ್ಬರು ಉಣ್ಣುವುದು ಒಂದೂರಲ್ಲಿ, ಇನ್ನೊಬ್ಬರು ಮಲಗುವುದು ಇನ್ನೊಂದೂರಲ್ಲಿ ಆದರೆ ಶುರುವಾದ ಜಗಳ ಮುಗಿಯುವುದು ಹೇಗೆ? ಅದಕ್ಕೇ ಇಬ್ಬರೂ ಶುರು ಮಾಡುತ್ತಿರಲಿಲ್ಲ. ಬೀಗರ ಮನೆಗೆ ಬಂದವರ ಹಾಗೆ ನಾಜೂಕಾಗಿ ಮಾತಾಡಿ ಫೋನಿಡುತ್ತಿದ್ದೆವು.

ಆ ವರ್ಷ ಈಸ್ಟರಿಗೆ ಮುಂಚೆ ಅವರ ಆಫೀಸಿನವರು ಕೆಲಸವನ್ನು ಪರ್ಮನೆಂಟ್ ಮಾಡುತ್ತೇವೆಂದರು. ರಜೆ ಮುಗಿದು ಆಫೀಸು ತೆರೆದ ದಿನ ಹೂಂ ಅಥವಾ ಊಹೂಂ ಹೇಳಬೇಕಿತ್ತು. ಹೂಂ ಎಂದರೆ ನನ್ನ ಕೆಲಸ ನಾನು ಬಿಡಬೇಕು, ಇಲ್ಲವೇ ಹೀಗೇ ಇರಬೇಕು. ಫೋನಿನಲ್ಲಿ ಈ ಸುದ್ದಿ ಹೇಳಿ, "ನೀ ಏನಂತಿ?" ಎಂದರು. "ನಿಮ್ಮಿಷ್ಟ," ಎಂದೆ. "ಹಂಗಲ್ಲ, ನಿನ್ನಿಷ್ಟ ಹೇಳು," ಎಂದರು. ಇಷ್ಟ ಇಷ್ಟ ಎಂದು ಇಬ್ಬರೂ ಒಬ್ಬರ ಮೇಲೊಬ್ಬರು ಎತ್ತಿಹಾಕಿದೆವೇ ಹೊರತು, ಒಂದೇ ಮನೆಯಲ್ಲಿ ಇರಬೇಕೆಂಬ ಆಸೆ ಇನ್ನೂ ಇದೆಯೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ. ನನಗೆ ಅದನ್ನು ಕೇಳಲು ಹೆದರಿಕೆ. ಇಲ್ಲ ಅಂದುಬಿಟ್ಟರೆ?

ಸಿಡ್ನಿಯಲ್ಲೇ ಎಪ್ಪಿಂಗ್‌ನಲ್ಲಿದ್ದ ನನ್ನ ಗೆಳತಿ, ಬೆಂಗಳೂರಿನವಳು, ಈ ಕಥೆ ಕೇಳಿ ಬಾಯಿಗೆ ಬಂದ ಹಾಗೆ ಬೈದಳು. ಬೈದು ಸುಮ್ಮನಿರದೆ ಕಂಪ್ಯೂಟರ್ ಮುಂದೆ ಕೂತು ಫಿಲಿಪ್ ಐಲ್ಯಾಂಡಿನಲ್ಲಿ ಒಂದು ಬೀಚ್ ಮನೆ ಬುಕ್ ಮಾಡಿದಳು. "ಮೆಲ್ಬರ್ನ್‌ನಿಂದ ಎರಡು ಗಂಟೆ ಕಣೇ. ಗ್ರೀಕ್ ಅಜ್ಜಿ ಮನೆ, ಬಿಳಿ ಗೋಡೆ, ನೀಲಿ ಬಾಗ್ಲು, ಥೇಟ್ ಮೆಡಿಟರೇನಿಯನ್. ನಮ್ ಜನ್ಮದಲ್ಲಿ ಗ್ರೀಸ್‌ಗೆ ಹೋಗೋದು ಅಷ್ಟ್ರಲ್ಲೇ ಇದೆ, ಇದೇ ಗ್ರೀಸ್ ಅನ್ಕೊಂಡ್ ಹೋಗ್ಬಿಟ್ ಬಾ. ಕ್ಯಾನ್ಸಲ್ ಮಾಡಕ್ಕಾಗಲ್ಲ, ನೋಡ್ಕೋ." ರಿಸಲ್ಟು ಬಂದ ಮಗುವನ್ನು ಸೂಟಿಗೆ ಅಜ್ಜಿಯ ಊರಿಗೆ ಕಳಿಸುವವಳ ಹಾಗೆ ನನ್ನನ್ನು ವಿಮಾನಕ್ಕೆ ಹತ್ತಿಸಿಯೂ ಬಂದಳು.

ಗುರುವಾರ ಸಂಜೆ ಅವರ ರೂಮಿಗೆ ಹೋದೆ. ನಾನು ಅಲ್ಲಿಗೆ ಹೋದದ್ದು ಅದೇ ಮೊದಲು. ಬರುವುದೇನಿದ್ದರೂ ಅವರೇ ಬರುತ್ತಿದ್ದರು. ರೂಮು ಚೊಕ್ಕಟವಾಗಿತ್ತು. ನಮ್ಮ ಮನೆಯಲ್ಲಿ ಒದ್ದೆ ಟವೆಲ್ಲನ್ನು ಮಂಚದ ಮೇಲೆ ಎಸೆಯುವ ಮನುಷ್ಯ ಇಲ್ಲಿ ಟವೆಲ್ಲು ಮಡಿಚಿ ಇಟ್ಟಿದ್ದರು. ಅಡುಗೆ ಕಟ್ಟೆಯ ಮೇಲೆ ಒಂದು ತಾಟು, ಒಂದು ಲೋಟ, ಒಂದು ಚಮಚ ತೊಳೆದು ಬೋರಲು ಹಾಕಿತ್ತು. ಕಪಾಟು ತೆರೆದು ನೋಡಿದೆ, ಇನ್ನೊಂದು ತಾಟು ಇರಲಿಲ್ಲ. ಬೆಂಡೆಕಾಯಿ ಪಲ್ಯ ಮಾಡಿಟ್ಟಿದ್ದರು, ಚೆನ್ನಾಗಿಯೇ ಇತ್ತು, ಅದು ಇನ್ನೂ ಸಂಕಟ. ಅವರು ಉಂಡು, ತಾಟು ತೊಳೆದು ನನಗೆ ಕೊಟ್ಟರು. "ಮೊದ್ಲ ನೀನ ಉಣ್ಣು ಅಂದ್ರ ಕೇಳ್ಲಿಲ್ಲ," ಎಂದರು. ನಾನು, "ಇರ್ಲಿ ಬಿಡ್ರಿ," ಎಂದೆ. ಒಬ್ಬರೇ ಇರುವುದನ್ನು ಈ ಮನುಷ್ಯ ಎಷ್ಟು ಚೆನ್ನಾಗಿ ಕಲಿತಿದ್ದಾರಲ್ಲ ಎನ್ನುವುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಮರುದಿನ ಕಾರಿನಲ್ಲಿ ಹೊರಟೆವು. ರಸ್ತೆ ನಕ್ಷೆಗಳ ಪುಸ್ತಕ ನನ್ನ ತೊಡೆಯ ಮೇಲೆ. ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಹಾರುವಾಗ ಎರಡು ಸಲ ದಾರಿ ತಪ್ಪಿಸಿದೆ. ಮೊದಲಾಗಿದ್ದರೆ ಕಾರಿನಲ್ಲಿ ರಣರಂಗ ಆಗುತ್ತಿತ್ತು. ಅವರು, "ಪರವಾಗಿಲ್ಲ, ಅರ್ಜಂಟ್ ಏನೈತಿ," ಎಂದು ಗಾಡಿ ತಿರುಗಿಸಿದರು. ಹಾಗೆಂದದ್ದಕ್ಕೆ ನನಗೆ ಅಳು ಬರುವಂತಾಯಿತು. ಉದ್ದ ಸೇತುವೆ ದಾಟಿದರೆ ದ್ವೀಪ. ಎರಡೂ ಕಡೆ ನೀರು ಹೊಳೆಯುತ್ತಿತ್ತು, ಗಾಳಿ ಕಾರನ್ನು ಪಕ್ಕಕ್ಕೆ ತಳ್ಳುತ್ತಿತ್ತು.

ಗೆಳತಿ ಸುಳ್ಳು ಹೇಳಿರಲಿಲ್ಲ. ಸುಣ್ಣ ಬಳಿದ ಗೋಡೆ, ಕಡು ನೀಲಿ ಬಾಗಿಲು, ಅಂಗಳದಲ್ಲಿ ದ್ರಾಕ್ಷಿ ಚಪ್ಪರ, ಮೂಲೆಯಲ್ಲೊಂದು ಅಂಜೂರದ ಗಿಡ. ಅಜ್ಜ ಅಜ್ಜಿ ಇಬ್ಬರೂ ಹರೆಯದಲ್ಲಿ ಗ್ರೀಸಿನ ಯಾವುದೋ ಚಿಕ್ಕ ದ್ವೀಪದಿಂದ ಮೆಲ್ಬರ್ನ್‌ಗೆ ಬಂದು ದುಡಿದು, ವಯಸ್ಸಾದ ಮೇಲೆ ಇಲ್ಲಿ ನೆಲೆಸಿದವರು. ಮುಂದಿನ ಮನೆ ಬಾಡಿಗೆಗೆ, ಹಿಂದಿನದರಲ್ಲಿ ಅವರ ವಾಸ. ನಡುವೆ ಒಂದೇ ಅಂಗಳ. ಅಜ್ಜಿ ಕುಳ್ಳಗೆ ದಪ್ಪಗಿದ್ದಳು, ಅವಳ ಗಂಟಲು ಮಾತ್ರ ಅವಳಿಗಿಂತ ಎತ್ತರ. ನಾವು ಕಾರಿಳಿಯುವಾಗಲೇ ಅಜ್ಜನನ್ನು ಎಲ್ಲಿಂದಲೋ ಕೂಗಿ ಕರೆಯುತ್ತಿದ್ದಳು, ಅಜ್ಜ ಎಲ್ಲಿಂದಲೋ ಗೊಣಗಿ ಉತ್ತರ ಕೊಡುತ್ತಿದ್ದ.

ಆ ವರ್ಷ ಗ್ರೀಕರ ಈಸ್ಟರೂ ಈ ದೇಶದ ಈಸ್ಟರೂ ಒಂದೇ ಭಾನುವಾರ ಬಿದ್ದಿದ್ದವು. ಯಾವಾಗಲೂ ಹಾಗೆ ಆಗುವುದಿಲ್ಲವಂತೆ. ಶುಕ್ರವಾರ ಅವರಿಗೆ ಕಟ್ಟುನಿಟ್ಟಿನ ಉಪವಾಸ. ಅಜ್ಜಿ ಎರಡು ಬಟ್ಟಲಲ್ಲಿ ವಿನೆಗರ್ ಹಾಕಿದ ಬೇಳೆ ಸಾರು ತಂದುಕೊಟ್ಟು, ಮಾಂಸ ತಿನ್ನುತ್ತೀರಾ ಎಂದು ಕೇಳಿದಳು. ಇಲ್ಲ ಎಂದೆವು. ಮೀನು? ಇಲ್ಲ. ಮೊಟ್ಟೆ? ಅದೂ ಇಲ್ಲ. ಅಜ್ಜಿಯ ಕಣ್ಣು ತುಂಬಿಬಂತು. ಈಗಿನ ಕಾಲದಲ್ಲಿ ಇಷ್ಟು ನಿಷ್ಠೆಯಿಂದ ಉಪವಾಸ ಮಾಡುವ ಹುಡುಗರನ್ನು ತಾನು ಕಂಡೇ ಇಲ್ಲವೆಂದು ನನ್ನ ಕೆನ್ನೆ ಹಿಂಡಿ, ಅಜ್ಜನಿಗೂ ಕೂಗಿ ಹೇಳಿದಳು. ನಾವು ಹುಟ್ಟಾ ಹಿಂಗೇ ಎಂದು ಹೇಳಲು ಬಾಯಿ ತೆರೆದರೆ ನನ್ನವರು ಮೊಣಕೈಯಿಂದ ತಿವಿದರು. "ಸುಮ್ನಿರು. ಮುದುಕಿ ಖುಷಿ ಆಗ್ಯಾಳ, ಯಾಕ ಕೆಡಿಸ್ತಿ?"

ಅಜ್ಜಿ ಹೋದ ಮೇಲೆ ಅಡುಗೆಮನೆಯ ಕಿಟಕಿ ತೆಗೆಯಲು ನೋಡಿದೆ. ಬಣ್ಣ ಬಳಿದು ಬಳಿದು ಅಂಟಿಕೊಂಡಿತ್ತು. ಅವರು ಹೊರಗೆ ಕಾರಿನಿಂದ ಚೀಲ ಇಳಿಸುತ್ತಿದ್ದರು. ಯೋಚನೆ ಮಾಡದೆ ಕೂಗಿದೆ: "ರೀ... ರೀ! ಇಲ್ಲೆ ಬರ್ರಿ ಒಂದ್ಚೂರ, ಈ ಕಿಡಕಿ ತೆರೀವಲ್ದು!"

ಕೂಗಿದ ಮೇಲೆ ನಾನೇ ಒಂದು ಕ್ಷಣ ನಿಂತೆ. ಆ ಶಬ್ದ ನನ್ನ ಬಾಯಿಂದ ಬಂದು ಎಷ್ಟು ಕಾಲವಾಗಿತ್ತೋ. ಮಾತಿನ ಬಾಲಕ್ಕೆ ಅಂಟುವ ‘ರಿ’ ಬೇರೆ, ಅದು ಫೋನಿನಲ್ಲೂ ಇರುತ್ತದೆ, ಅಂಗಡಿಯವನಿಗೂ ಹೇಳುತ್ತೇವೆ. ಕೂಗಿ ಕರೆಯುವ ‘ರೀ’ ಬೇರೆ. ಬ್ಯಾಂಕಿನಲ್ಲಿ, ಆಫೀಸಿನಲ್ಲಿ ನಾನು ಅವರ ಹೆಸರು ಸರಾಗವಾಗಿ ಹೇಳುತ್ತೇನೆ, ಮನೆಯಲ್ಲಿ ಮಾತ್ರ ಅವರ ಹೆಸರಿಗೆ ನಾಲಿಗೆ ಹೊರಳುವುದಿಲ್ಲ. ಅಲ್ಲಿ ಅವರು ‘ರೀ’. ಆದರೆ ಫೋನಿನಲ್ಲಿ ಯಾರನ್ನೂ ಕರೆಯಬೇಕಾಗಿಲ್ಲವಲ್ಲ. ಎತ್ತಿದ ಕೂಡಲೇ ಆ ಮನುಷ್ಯ ಕಿವಿಯಲ್ಲೇ ಇರುತ್ತಾನೆ, ಹಲೋ ಎಂದರೆ ಆಯಿತು. ಅಡುಗೆಮನೆಯಿಂದ ಪಡಸಾಲೆಗೆ, ಬಚ್ಚಲಿನಿಂದ ಬಾಗಿಲಿಗೆ ಕೇಳಿಸುವಷ್ಟು ದೂರದಲ್ಲಿ ಇಬ್ಬರಿದ್ದರೆ ಮಾತ್ರ ಆ ‘ರೀ’ಗೆ ಕೆಲಸ. ನಮ್ಮ ಸಂಸಾರದಲ್ಲಿ ಅದಕ್ಕೆ ಕೆಲಸವೇ ಇಲ್ಲದಂತಾಗಿತ್ತು.

ಅವರು ಬಂದು ಕಿಟಕಿಗೆ ಎರಡು ಗುದ್ದು ಕೊಟ್ಟು ತೆರೆದರು. ಕಿಟಕಿಯಾಚೆ ಅಂಗಳದಲ್ಲಿ ಅಜ್ಜಿ ನಿಂತಿದ್ದಳು. ಅವಳ ಮುಖ ಅರಳಿತು. "ರ್‍ರೀ!" ಎಂದಳು, ರಕಾರವನ್ನು ಚೆನ್ನಾಗಿ ಉರುಳಿಸಿ. "ರೀ! ಗುಡ್ ನೇಮ್!"

ನಾನು ಪಕ್ಕನೆ ನಕ್ಕುಬಿಟ್ಟೆ. ಅದು ಹೆಸರಲ್ಲವೆಂದು ಅವರು ಈಗ ಹೇಳುತ್ತಾರೆ, ಆಗ ಹೇಳುತ್ತಾರೆ ಎಂದು ಕಾದೆ. ಹೇಳಲಿಲ್ಲ. ಅಜ್ಜಿಗೆ ಕೈಯೆತ್ತಿ, "ಯೆಸ್, ಯೆಸ್," ಎಂದು ಹೊರಟುಹೋದರು.

ಅಲ್ಲಿಂದ ಶುರುವಾಯಿತು ನೋಡಿ. ಶನಿವಾರ ಬೆಳಗ್ಗೆ ನಾನಿನ್ನೂ ಚಹಾಕ್ಕೆ ನೀರಿಟ್ಟಿಲ್ಲ, ಅಂಗಳದಿಂದ "ರೀ!" ಭಾನುವಾರದ ಊಟಕ್ಕೆ ಉದ್ದನೆಯ ಮೇಜು ಸರಿಸಬೇಕು, ರೀ. ಬೆಂಚು ಎತ್ತಬೇಕು, ರೀ. ಅಜ್ಜನಿಗೆ ಸೊಂಟ ನೋವು, ಏಣಿ ಹತ್ತಲಾರ, ಚಪ್ಪರದ ದೀಪದ ಸರ ಕಟ್ಟಬೇಕು, ರೀ. ಪ್ರತಿ ಸಲವೂ ನನ್ನ ಗಂಡ "ಓ!" ಎಂದು ಓಗೊಟ್ಟು ಓಡುತ್ತಿದ್ದರು. ಕನ್ನಡದ ಓ, ದೊಡ್ಡ ಓ. ನಾನು ಚಹಾ ಲೋಟ ಹಿಡಿದು ಬಾಗಿಲಲ್ಲಿ ನಿಂತು ನೋಡಿದೆ. ನಗು ಬರುತ್ತಿತ್ತು, ಒಳಗೊಳಗೇ ಹೊಟ್ಟೆಕಿಚ್ಚೂ ಆಗುತ್ತಿತ್ತು. ಹೇಳಿದರೆ ನಾಚಿಕೆ, ಎಂಬತ್ತರ ಹತ್ತಿರದ ಮುದುಕಿಯ ಮೇಲೆ ಹೊಟ್ಟೆಕಿಚ್ಚು!

"ಅಲ್ರೀ, ಅದ ನಿಮ್ಮ ಹೆಸರಲ್ಲ ಅಂತ ಹೇಳಾಕ ಏನ ಧಾಡಿ?" ಎಂದು ಕೇಳಿದೆ. "ಊರಿನ ಹೆಣ್ಣಮಕ್ಕಳೆಲ್ಲ ತಮ್ಮ ಗಂಡನ್ನ ಕರಿಯೂ ಹೆಸರು. ಆಕಿ ನಿಮ್ಮನ್ನ ಹಂಗ ಕರದ್ರ ನಾ ಏನ ಅನ್ನಬೇಕು, ಸವತಿ ಅನ್ಲ್ಯಾ?"

"ಇರ್ಲಿ ಬಿಡು," ಎಂದು ನಕ್ಕರು. "ಕರೀಲಿ. ಏನ ಕಳೀತೈತಿ?"

ಮಧ್ಯಾಹ್ನ ಬೀಚಿಗೆ ಹೋದೆವು. ದ್ವೀಪದ ಆ ಕಡೆ ಅಲೆಗಳ ಅಬ್ಬರವಿಲ್ಲ, ಮಕ್ಕಳು ಸೊಂಟದುದ್ದ ನೀರಿನಲ್ಲಿ ಆಡುತ್ತಿದ್ದರು. ಬಿಸಿಲು ಹಿತವಾಗಿತ್ತು, ನೀರು ಮಾತ್ರ ಮಂಜುಗಡ್ಡೆ. ಸೀರೆಯುಟ್ಟ ಕಾಲದ ಅಭ್ಯಾಸ, ಪ್ಯಾಂಟನ್ನೇ ನೆರಿಗೆ ಎತ್ತುವ ಹಾಗೆ ಎತ್ತಿಕೊಂಡು ಪಾದ ಅದ್ದಿ, "ಅಯ್ಯಯ್ಯಪ್ಪಾ!" ಎಂದು ಹೊರಗೆ ಹಾರಿದೆ. ಅವರು ನಕ್ಕರು. ಇಬ್ಬರೂ ಟವೆಲ್ಲು ಹಾಸಿ ಕೂತೆವು. ಹುರಿದ ಶೇಂಗಾದ ಪೊಟ್ಟಣ ನಡುವೆ. ಅಷ್ಟು ಚೆನ್ನಾಗಿತ್ತು ಆ ಗಳಿಗೆ, ಕೆಡಿಸಲು ನಾನೇ ಬೇಕಾಯಿತು.

"ಮಂಗಳವಾರ ಏನ ಹೇಳ್ತೀರಿ?" ಎಂದೆ.

ಶೇಂಗಾದ ಸಿಪ್ಪೆ ಊದಿ, "ನೀ ಹ್ಯಾಂಗ ಅಂತಿ ಹಂಗ," ಎಂದರು.

"ನನ್ನ ಕೆಲಸ ಬಿಟ್ಟ ಬರ್ತೇನಿ ಅಂದ್ರ?"

"ನಿನ್ನಿಷ್ಟ. ನಿನಗ ತ್ರಾಸ ಆಗಬಾರ್ದು, ಅಷ್ಟ."

ಆ ‘ನಿನ್ನಿಷ್ಟ’ ಕೇಳಿ ಕೇಳಿ ನನ್ನ ತಲೆ ಕೆಟ್ಟಿತ್ತು. "ಬಾ ಅಂತ ಒಂದ ಮಾತ ಬಾಯಾಗ ಬರಂಗಿಲ್ಲ ನಿಮಗ! ಎಲ್ಲೆ ಬರ್ಬೇಕು? ಒಂದ ತಾಟಿನ ಮನಿಗೆ? ನಾ ಬರ್ತೇನಿ ಅಂತ ಗೊತ್ತಿದ್ರೂ ಇನ್ನೊಂದ ತಾಟ ತಂದಿರ್ಲಿಲ್ಲ ನೀವು," ಎಂದು ಒದರಿದೆ. ಪಕ್ಕದಲ್ಲಿ ಮಲಗಿದ್ದ ಬಿಳಿಯ ಹೆಂಗಸು ತಲೆಯೆತ್ತಿ ನೋಡಿದಳು. ಅವರ ಮುಖ ಸಪ್ಪಗಾಯಿತು. ಒಂದು ಮಾತು ತಿರುಗಿ ಆಡಲಿಲ್ಲ. ಆಡಿದ್ದರೆ ಒಳ್ಳೆಯದಿತ್ತು. ನಾನು ಎದ್ದು, ಚಪ್ಪಲಿ ಕೈಯಲ್ಲಿ ಹಿಡಿದು, ದೂರದ ಕಟ್ಟೆಯ ತನಕ ಒಬ್ಬಳೇ ನಡೆದುಹೋದೆ. ತಿರುಗಿ ನೋಡಿದರೆ ಅವರು ಕೂತಲ್ಲೇ ಕೂತು ನನ್ನ ಕಡೆಗೇ ನೋಡುತ್ತಿದ್ದರು. ಬರಲೋ ಬೇಡವೋ ಎಂದು ಅವರಿಗೆ ತಿಳಿಯಲಿಲ್ಲ, ಬನ್ನಿ ಎನ್ನಲು ನನಗೂ ಬಿಂಕ. ಆ ಸಂಜೆ ಪೆಂಗ್ವಿನ್ ನೋಡಲು ಹೋಗಬೇಕೆಂದಿದ್ದೆವು, ಯಾರೂ ಅದರ ಮಾತೆತ್ತಲಿಲ್ಲ.

ಭಾನುವಾರ ಬೆಳಗ್ಗೆಯಿಂದಲೇ ಅಂಗಳದಲ್ಲಿ ಹೊಗೆ. ಅಜ್ಜ ಕೆಂಡದ ಮೇಲೆ ಇಡೀ ಕುರಿಮರಿಯನ್ನು ತಿರುಗಿಸುತ್ತ ಕೂತಿದ್ದ. ಅಜ್ಜಿ ನಮ್ಮನ್ನು ಕರೆದು, ಉಪವಾಸ ಮುಗಿಯಿತು, ಈಗ ಹೊಟ್ಟೆ ತುಂಬ ತಿನ್ನಿ ಎಂದಳು. ಇನ್ನು ಬಚ್ಚಿಡುವಂತಿರಲಿಲ್ಲ. ನಮ್ಮ ಉಪವಾಸ ಮುಗಿಯುವುದೇ ಇಲ್ಲ ಎಂದು ನಾನು ತಡವರಿಸಿ ಹೇಳಿದೆ. "ಯಾವಾಗ ಮುಗಿಯುತ್ತೆ?" "ಯಾವಾಗಲೂ ಇಲ್ಲ." ಅಜ್ಜಿ ಎದೆಯ ಮೇಲೆ ಕೈಯಿಟ್ಟುಕೊಂಡಳು. ಆಮೇಲೆ ಪಾಪದ ಮಕ್ಕಳೆಂದು ಮರುಗಿ, ಆಲೂಗಡ್ಡೆ, ಬ್ರೆಡ್ಡು, ಚೀಸು, ಆಲಿವ್ ಎಲ್ಲವನ್ನೂ ನಮ್ಮ ಕಡೆ ರಾಶಿ ಹಾಕಲು ಶುರುಮಾಡಿದಳು. ನನ್ನನ್ನು ತನ್ನ ಅಡುಗೆಮನೆಗೆ ಎಳೆದುಕೊಂಡು ಹೋಗಿ ಟೊಮ್ಯಾಟೊ ಹೆಚ್ಚಲು ಕೂರಿಸಿದಳು.

ಆ ಅಡುಗೆಮನೆಯಲ್ಲಿ ಕೂತವಳಿಗೆ ಅಜ್ಜ ಅಜ್ಜಿಯ ಸಂಸಾರ ಪೂರ್ತಿ ಕಿವಿಗೆ ಬಿತ್ತು. ಅಜ್ಜಿ ಕಿಟಕಿಯಿಂದ ಅಜ್ಜನ ಹೆಸರು ಹಿಡಿದು ಕೂಗುತ್ತಾಳೆ, ಬೆಂಕಿ ಜಾಸ್ತಿಯಾಯಿತು. ಅಜ್ಜ ಅಲ್ಲಿಂದ ಕೂಗುತ್ತಾನೆ, ಆಗಿಲ್ಲ. ಆಗಿದೆ. ಆಗಿಲ್ಲ. ಅವರ ಭಾಷೆ ನನಗೆ ಒಂದಕ್ಷರ ತಿಳಿಯದು, ಆದರೂ ಎಲ್ಲ ತಿಳಿಯಿತು. ಎಂಥ ಭಾಗ್ಯವಂತರು, ಈ ವಯಸ್ಸಿನಲ್ಲೂ ಒಬ್ಬರಿಗೊಬ್ಬರು ಸಾಕಾಗುವಷ್ಟು ಸಿಗುತ್ತಿದ್ದಾರಲ್ಲ ಎನಿಸಿತು. ಅಷ್ಟರಲ್ಲಿ ಅಜ್ಜಿಗೆ ದೊಡ್ಡ ತಟ್ಟೆ ಬೇಕಾಯಿತು. ಕಿಟಕಿಗೆ ಬಾಯಿಟ್ಟು, "ರೀ!" ಎಂದಳು.

ಅಂಗಳದ ತುದಿಯಲ್ಲಿ, ಅಂಜೂರದ ಗಿಡದ ಆಚೆಯಿಂದ "ಓ!" ಎಂದು ಕೇಳಿಸಿತು. ಗಿಡದ ಮರೆಗೆ ಅವರು ಕಾಣುತ್ತಿರಲಿಲ್ಲ, ಬರೀ ದನಿ. ನಮ್ಮ ಫ್ಲ್ಯಾಟಿನಲ್ಲಿ, ಸ್ನಾನದ ಮನೆಯಿಂದಲೋ ಬಾಲ್ಕನಿಯಿಂದಲೋ ಬರುತ್ತಿದ್ದ ಅದೇ ಓ. ನನಗೆ ತಡೆಯಲಾಗಲಿಲ್ಲ. ಚಾಕು ಕೆಳಗಿಟ್ಟು ಅಳತೊಡಗಿದೆ. ಅಜ್ಜಿ ನನ್ನ ಮುಂದಿದ್ದ ಟೊಮ್ಯಾಟೊ ನೋಡಿದಳು, ಈರುಳ್ಳಿಯಲ್ಲ ಎಂದು ಖಾತ್ರಿ ಮಾಡಿಕೊಂಡಳು, ಒಂದು ಮಾತೂ ಕೇಳದೆ ಸೆರಗಿನಂಥ ತನ್ನ ಏಪ್ರನ್ನಿನ ತುದಿಯಿಂದ ನನ್ನ ಮೂಗು ಒರೆಸಿದಳು. ಅದಕ್ಕೆ ಎಣ್ಣೆಯ ವಾಸನೆಯಿತ್ತು.

ಊಟ ಮುಗಿದು ಬಿಸಿಲು ಇಳಿಯುವ ಹೊತ್ತಿಗೆ ನಾನೇ, "ನಡೀರಿ, ನೀರಿನ ಕಡೆ ಹೋಗೂಣ," ಎಂದೆ. ಬೀಚಿನಲ್ಲಿ ಜನ ಕಡಿಮೆಯಾಗಿದ್ದರು. ನೀರಿನ ಅಂಚಿನಲ್ಲಿ ನಡೆದೆವು. ಆಮೇಲೆ ಕೇಳಿದೆ: "ಖರೇ ಹೇಳ್ರಿ, ಆಕಿಗೆ ನಿಮ್ಮ ಹೆಸರ ಯಾಕ ಹೇಳ್ಲಿಲ್ಲ?"

ಅವರು ಕಾಲಿನಿಂದ ಮರಳಿನಲ್ಲಿ ಒಂದು ಗೆರೆ ಎಳೆದರು. "ಕೇಳಾಕ ಚಂದ ಅನಿಸ್ತು," ಎಂದರು. "ಆಫೀಸಿನ್ಯಾಗ ಎಲ್ಲಾರೂ ಹೆಸರ ಹಿಡದ ಕರೀತಾರ. ರೂಮಿನ್ಯಾಗ ಕರಿಯೋರ ಇಲ್ಲ. ಫೋನಿನ್ಯಾಗ ನೀ ಹಲೋ ಅಂತಿ. ಶುಕ್ರವಾರ ನೀ ಕಿಡಕಿ ತೆರೀವಲ್ದು ಅಂತ ರೀ ಅಂದೆಲಾ, ಕೈಯಾಗಿನ ಚೀಲ ಬಿಟ್ಟ ನಿಂತೆ ನಾ. ಆಮ್ಯಾಲೆ ಆ ಮುದುಕಿ ಕರ್ಯಾಕ ಶುರು ಮಾಡಿದ್ಳು. ಕರೀಲಿ, ಆಕಿನರ ಕರೀಲಿ ಅಂತ ಸುಮ್ನಾದೆ."

"ಆಕಿನರ ಅಂದ್ರ?"

"ನೀ ಇನ್ ಕರಿಯಂಗಿಲ್ಲ ಅಂದ್ಕೊಂಡಿದ್ದೆ." "ನೀ ನಂಜೋಡಿ ಜಗಳಾನೂ ಆಡಂಗಿಲ್ಲ ಈಗ. ಬಂದ್ರ ಬಂದ್ರಿ, ಹೋದ್ರ ಹೋದ್ರಿ ಅನ್ನೂವಂಗ ಇರ್ತಿ. ನಾ ಇಲ್ದ ಆರಾಮ ಅದಾಳ, ಬಾ ಅಂದು ಯಾಕ ಆಕಿ ಕೆಲಸಾ ಬಿಡಸ್ಲಿ ಅಂತ..."

ನನಗೆ ಸಿಟ್ಟು ಬಂತು, ಪ್ರೀತಿಯೂ ಬಂತು. "ಆರಾಮ ಅದೇನಿ, ಹೌದು," ಎಂದೆ. "ಒಬ್ಬಾಕಿಗೆ ಅಡಗಿ, ಒಬ್ಬಾಕಿಗೆ ಮಂಚಾ. ನೀವಿಲ್ದ ರೂಢಿ ಆಗಾಕತ್ತೈತಿ ನನಗ. ಅದ ಅಂಜಿಕಿ. ತ್ರಾಸ ಆಗಿದ್ರ ಅಂಜ್ತಿರ್ಲಿಲ್ಲ. ನಿಮ್ಮ ಒಂದ ತಾಟ ನೋಡಿ ನಿಮಗೂ ರೂಢಿ ಆಗೇತಿ ಅಂತ ಎದಿ ಒಡಕೊಂಡೆ. ನನಗ ಮನ್ಯಾಗ ನೀವ ಬೇಕ್ರಿ. ಜಗಳಾಡಾಕ ಬೇಕು, ಕಿಡಕಿ ತೆರ್ಯಾಕ ಬೇಕು, ಸುಮ್ನ ಬೇಕು."

ಮದುವೆಯಾದಾಗಿನಿಂದ ಅಷ್ಟು ನೇರವಾಗಿ ನಾನು ಎಂದೂ ಹೇಳಿರಲಿಲ್ಲ. ನಮ್ಮ ಕಡೆ ಹೇಳುವ ಪದ್ಧತಿಯೂ ಇಲ್ಲ. ಅವರು ನಿಂತುಬಿಟ್ಟರು. ಕಣ್ಣು ಮೂಗು ಒರೆಸಿಕೊಂಡು, "ಹಂಗಾರ ಬ್ಯಾಡ," ಎಂದರು.

"ಏನ ಬ್ಯಾಡ?"

"ರೂಢಿ ಆಗೂದ ಬ್ಯಾಡ. ಮಂಗಳವಾರ ಒಲ್ಲೆ ಅಂತ ಹೇಳ್ತೇನಿ. ನಿನ್ನ ಕೆಲಸಾ ಬಿಡಬ್ಯಾಡ, ನೀ ಎಷ್ಟ ಕಷ್ಟ ಪಟ್ಟ ತಗೊಂಡಿ ನಾ ನೋಡೇನಿ. ಸಿಡ್ನ್ಯಾಗ ಹುಡುಕ್ತೇನಿ. ಸಿಗೂತನ ನಿನಗ ಅಡಗಿ ಮಾಡಿ ಹಾಕ್ತೇನಿ."

"ಬೆಂಡಿಕಾಯಿ ಪಲ್ಯಾ ಒಂದ ಬರ್ತೈತಿ, ಅದನ್ನ ಎಷ್ಟ ದಿನಾ ತಿನ್ನೂದು?"

"ಚಪಾತಿನೂ ಬರ್ತಾವ!"

"ಯಾವ ದೇಶದ ನಕಾಶಿ ಹಂಗಿರ್ತಾವ?"

ಅಲ್ಲಿಂದ ಶುರುವಾದ ಜಗಳ ಮನೆ ಮುಟ್ಟುವ ತನಕ ನಡೆಯಿತು, ಚಪಾತಿಯಿಂದ ಟವೆಲ್ಲಿಗೆ, ಟವೆಲ್ಲಿನಿಂದ ರಸ್ತೆ ಪುಸ್ತಕಕ್ಕೆ. ನೀ ಎರಡ ಸಲ ದಾರಿ ತಪ್ಪಿಸಿದಿ ಎಂದು ಅವರು ಆಗ ಹೇಳಿದರು ನೋಡಿ, ಶುಕ್ರವಾರದ್ದು! ಅಂಗಳದಲ್ಲಿ ಕೂತಿದ್ದ ಅಜ್ಜ ಅಜ್ಜಿ ನಮ್ಮ ಏರುದನಿ ಕೇಳಿ ಗಾಬರಿಯಿಂದ ಎದ್ದು ನಿಂತರು. ನಾವಿಬ್ಬರೂ ನಗುತ್ತಿದ್ದುದನ್ನು ನೋಡಿ ಮತ್ತೆ ಕೂತರು.

ಸೋಮವಾರ ನಾನೊಬ್ಬಳೇ ಸಿಡ್ನಿಗೆ ಬಂದೆ. ಮಂಗಳವಾರ ಲ್ಯಾಬಿನಲ್ಲಿರುವಾಗ ಮೊಬೈಲಿಗೆ ಮೆಸೇಜು ಬಂತು, ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ: ಹೇಳಿ ಬಿಟ್ಟೆ. ಓದಿದ ಕೂಡಲೇ ಹೆದರಿಕೆ ಹತ್ತಿತು. ಅವರ ಒಳ್ಳೆಯ ಕೆಲಸ ಬಿಡಿಸಿದೆನಲ್ಲ, ಮುಂದೆ ನನ್ನನ್ನು ಅಂದು ಆಡಿದರೆ? ಅವರು ಬರುವ ತನಕ ದಿನಾ ಇದೇ ಚಿಂತೆ. ಇಷ್ಟು ದಿನ ಬೇರೆಯಿದ್ದವರು ಒಟ್ಟಿಗೆ ಇರಲು ಬರುತ್ತದೆಯೇ, ಬೀಚಿನ ಮೇಲೆ ಆಡಿದ ಮಾತು ವೆಸ್ಟ್‌ಮೀಡಿನಲ್ಲಿ ನಿಲ್ಲುತ್ತದೆಯೇ ಎಂದು ಒಂದೇ ಸಮನೆ ಕುದಿಯುತ್ತಿದ್ದೆ.

ಚಳಿಗಾಲ ಶುರುವಾಗುವಾಗ ಬಂದರು. ಕಾರಿನಲ್ಲಿ ಸಾಮಾನು ತುಂಬಿಕೊಂಡು, ಬೆಳಕು ಹರಿಯುವ ಮುಂಚೆ ಮೆಲ್ಬರ್ನ್ ಬಿಟ್ಟು, ಒಬ್ಬರೇ ಓಡಿಸಿಕೊಂಡು, ಸಂಜೆ ಮನೆ ಮುಟ್ಟಿದರು. ಚಹಾ ಕುಡಿದು, "ಐದ ನಿಮಿಷ ಅಡ್ಡ ಆಗ್ತೇನಿ," ಎಂದವರು ಹಾಸಿಗೆಗೆ ಬಿದ್ದ ಕೂಡಲೇ ಗೊರಕೆ. ನಾನು ಕುಕ್ಕರ್ ಇಟ್ಟು ನೋಡಲು ಹೋದೆ. ಮಂಚದ ನಟ್ಟನಡುವೆ, ಕೈಕಾಲು ಚಾಚಿ, ಪೂರ್ತಿ ಹಾಸಿಗೆ ತಮ್ಮದೇ ಎನ್ನುವಂತೆ ಮಲಗಿದ್ದರು. ಬಾಗಿಲಲ್ಲೇ ನಿಂತೆ. ಒಂಟಿಯಾಗಿ ಮಲಗಿ ರೂಢಿಯಾದವರು ಹೀಗೇ ಮಲಗುತ್ತಾರೆ, ನನಗೆ ಗೊತ್ತು, ನಾನೂ ಈಗ ಹಾಗೇ ಮಲಗುತ್ತಿದ್ದೆ.

ಮೆಲ್ಲಗೆ ಮಂಚದ ಅಂಚಿನಲ್ಲಿ ಕೂತೆ. ಎಬ್ಬಿಸಲಿಲ್ಲ, ಕರೆಯಲೂ ಇಲ್ಲ. ನನ್ನ ಭಾರಕ್ಕೆ ಹಾಸಿಗೆ ಸ್ವಲ್ಪ ತಗ್ಗಿತು ಅಷ್ಟೇ. ಅವರು ಕಣ್ಣು ತೆರೆಯದೆ, ಗೊರಕೆಯನ್ನೂ ನಿಲ್ಲಿಸದೆ, ಗೋಡೆಯ ಕಡೆಗೆ ಸರಿದರು. ಮದುವೆಯಾದಾಗಿನಿಂದ ಅವರು ಮಲಗುತ್ತಿದ್ದ ಜಾಗಕ್ಕೆ. ಕಿಟಕಿಯ ಪಕ್ಕದ ನನ್ನ ಜಾಗ ಖಾಲಿಯಾಯಿತು, ಬೆಚ್ಚಗಿತ್ತು. ಅಡುಗೆಮನೆಯಲ್ಲಿ ಕುಕ್ಕರ್ ಸೀಟಿ ಹೊಡೆಯತೊಡಗಿತ್ತು. ಹೊಡೆಯಲಿ ಎಂದು ನಾನೂ ಮಲಗಿಬಿಟ್ಟೆ.